ಅಟ್ಟದ ಮೇಲಿನ ಕಾಯಿ

ತುರುವೇಕೆರೆ ತಾಲ್ಲೂಕಿನ ದಬ್ಬೇಘಟ್ಟ ನಕ್ಷೆಯಲ್ಲಿ ದೂರದ ಊರೇನಲ್ಲ. ಹೋಬಳಿ ಕೇಂದ್ರ. ಬಸ್ಸು ಬರುತ್ತದೆ, ಫೋನು ಸಿಗುತ್ತದೆ, ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಬೆಂಗಳೂರಿನಲ್ಲಿರಬಹುದು. ಆದರೂ ಈ ಸೀಮೆಯ ಯಾವ ಹಳ್ಳಿಗೆ ಹೋದರೂ ಜಗಲಿ ಮೇಲೆ ಕೂತ ಹಿರಿಯರು ಎರಡು ಪ್ರಶ್ನೆಗಳನ್ನು ಒಂದೇ ಉಸಿರಿನಲ್ಲಿ ಕೇಳುತ್ತಾರೆ: "ಯಾವಾಗ ಬಂದ್ಯಪ್ಪ? ಯಾವಾಗ ಹೊರಡ್ತೀಯ?" ಬಂದವರು ಹೊರಡುತ್ತಾರೆ ಎಂಬುದರಲ್ಲಿ ಅವರಿಗೆ ಅನುಮಾನವಿಲ್ಲ. ದಿನ ಯಾವುದು ಎಂದಷ್ಟೇ ತಿಳಿಯಬೇಕು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಬದುಕು ನಿಂತಿರುವುದು ಉಂಡೆ ಕೊಬ್ಬರಿಯ ಮೇಲೆ. ಹೊಂಬಾಳೆ ಬಿರಿದ ಮೇಲೆ ಕಾಯಿ ಬಲಿಯಲು ಸುಮಾರು 12 ತಿಂಗಳು ಬೇಕು. ಕೆಡವಿದ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಒಳಗಿನ ನೀರು ಇಂಗಿ, ತಿರುಳು ಕರಟದಿಂದ ಬಿಡಿಸಿಕೊಳ್ಳಲು ಮತ್ತೆ 8ರಿಂದ 12 ತಿಂಗಳು. ನಮ್ಮಜ್ಜಿ ಅಟ್ಟದಿಂದ ಒಂದು ಕಾಯಿ ಇಳಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗೆ ಲೊಟಲೊಟ ಅಂದರೆ ಕೊಬ್ಬರಿಯಾಗಿದೆ, ಇಲ್ಲದಿದ್ದರೆ ಮತ್ತೆ ಅಟ್ಟಕ್ಕೆ. ಆಮೇಲೆ ಸುಲಿಯುವವರು ಬರಬೇಕು, ಉಂಡೆ ಒಡೆಯದ ಹಾಗೆ ಕರಟ ಬಿಡಿಸುವ ಹೆಂಗಸರು ಬರಬೇಕು. ಇಷ್ಟೆಲ್ಲ ಆಗಿ ಚೀಲ ತಿಪಟೂರಿನ ಮಾರುಕಟ್ಟೆ ಮುಟ್ಟುವ ಹೊತ್ತಿಗೆ ಆ ಕಾಯಿಗೆ ಹೆಚ್ಚೂಕಡಿಮೆ ಎರಡು ವರ್ಷ ವಯಸ್ಸು. ಅದರ ಬೆಲೆ ಮಾತ್ರ ಒಂದು ಬೆಳಗಿನ ಹರಾಜಿನಲ್ಲಿ ತೀರ್ಮಾನವಾಗುತ್ತದೆ.

ಆ ಬೆಲೆಯ ಆಟವನ್ನು ಇತ್ತೀಚಿನ ವರ್ಷಗಳಲ್ಲಿ ಎಲ್ಲರೂ ನೋಡಿದ್ದೇವೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಕ್ವಿಂಟಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಮಾರುಕಟ್ಟೆಯಲ್ಲಿ ಅದು 8 ಸಾವಿರದ ಆಸುಪಾಸಿಗೆ ಬಿತ್ತು. 2024ರಲ್ಲಿ ಬೆಂಬಲ ಬೆಲೆ 12,000, ಅದರ ಮೇಲೆ ರಾಜ್ಯದ ಪ್ರೋತ್ಸಾಹಧನ 1,500. ಮಾರಲು ಹೆಸರು ಬರೆಸುವುದಕ್ಕೇ ರೈತರು ರಾತ್ರಿಯಿಂದ ಸಾಲು ನಿಂತರು. ಮರುವರ್ಷ, 2025ರಲ್ಲಿ, ಅದೇ ಕೊಬ್ಬರಿ 25 ಸಾವಿರ ದಾಟಿತು. ಆಗ ಎಷ್ಟೋ ಮನೆಗಳ ಅಟ್ಟದಲ್ಲಿ ಕಾಯಿಯೇ ಇರಲಿಲ್ಲ. 2023ರ ಬರ ಮರವನ್ನು ಸೊರಗಿಸಿತ್ತು. ನುಸಿ, ಕಪ್ಪುತಲೆ ಹುಳು, ಬಿಳಿನೊಣ ಒಂದೊಂದಾಗಿ ತೋಟ ಹೊಕ್ಕಿದ್ದವು. ಎರಡು ವರ್ಷ ಕಾಯಬೇಕಾದ ಬೆಳೆಯಲ್ಲಿ ಬೆಲೆ ಏರಿದ ವರ್ಷ ಇಳುವರಿ ಏರಿಸುವ ಉಪಾಯ ಯಾರ ಕೈಯಲ್ಲೂ ಇಲ್ಲ.

ಭೂಮಿಯ ಇನ್ನೊಂದು ಮಗ್ಗುಲಲ್ಲೂ ಕೊಬ್ಬರಿಯನ್ನೇ ನೆಚ್ಚಿಕೊಂಡ ಹಳ್ಳಿಗಳಿವೆ. ಪಪುವಾ ನ್ಯೂಗಿನಿಯ ದ್ವೀಪಗಳಲ್ಲಿ ಜರ್ಮನರ ಆಳ್ವಿಕೆಯ ಕಾಲದಿಂದಲೂ ದೊಡ್ಡ ತೆಂಗಿನ ತೋಟಗಳಿವೆ. ಅಲ್ಲಿ ಕಾಯಿಯನ್ನು ಹೋಳು ಮಾಡಿ, ಬೆಂಕಿಯ ಶಾಖದಲ್ಲಿ ಒಣಗಿಸಿ, ಚೀಲ ತುಂಬಿ ಹಡಗಿಗೆ ಕಾಯುತ್ತಾರೆ. ಅದು ಎಣ್ಣೆ ಗಾಣಕ್ಕೆ ಹೋಗುವ ಕೊಬ್ಬರಿ. ಬೂಗನ್‌ವಿಲ್ ದ್ವೀಪದಾಚೆ ಸಮುದ್ರದ ನಡುವೆ ಕಾರ್ಟರೆಟ್ ಎಂಬ ಪುಟ್ಟ ನಡುಗಡ್ಡೆಗಳಿವೆ. ಎಲ್ಲಿ ನಿಂತರೂ ನೀರಿನ ಮಟ್ಟಕ್ಕಿಂತ ಒಂದಾಳು ಎತ್ತರವೂ ಇಲ್ಲ. ಉಪ್ಪುನೀರು ನುಗ್ಗಿ ಅವರ ಕೆಸವಿನ ಗುಂಡಿಗಳು ಹಾಳಾದವು. ಸುತ್ತ ತೆಂಗಿದ್ದರೂ ಹೊಟ್ಟೆಗೆ ಗೆಡ್ಡೆಯಿಲ್ಲದೆ, ಹೊರಗಿನಿಂದ ಬರುವ ಅಕ್ಕಿಯ ದಾರಿ ನೋಡುವಂತಾಯಿತು. 2006ರಲ್ಲಿ ಅಲ್ಲಿನ ಹಿರಿಯರ ಮಂಡಳಿ ಕೂತು ಮಾತಾಡಿ 'ತುಲೆಲೆ ಪೇಸಾ' ಎಂಬ ಸಂಸ್ಥೆ ಕಟ್ಟಿತು. ನಮ್ಮ ಬಲದಿಂದಲೇ ಅಲೆಯ ಮೇಲೆ ಸಾಗುವುದು ಎಂಬುದು ಆ ಮಾತಿನ ಅರ್ಥ. ಉರ್ಸುಲಾ ರಕೋವಾ ಎಂಬ ಹೆಣ್ಣುಮಗಳು ಅದರ ಮುಂದಾಳು. ಬೂಗನ್‌ವಿಲ್‌ನ ಟಿನ್‌ಪುಟ್ಜ್‌ನಲ್ಲಿ ಚರ್ಚು ಕೊಟ್ಟ ನೆಲದಲ್ಲಿ ಕೆಲವು ಕುಟುಂಬಗಳು ಮನೆ ಕಟ್ಟಿಕೊಂಡು ಕೋಕೋ, ತೆಂಗು ಬೆಳೆಸಿದವು.

ಇದನ್ನು ಓದಿದಾಗ ನನಗೆ ತಟ್ಟಿದ್ದು ಸಮುದ್ರವಲ್ಲ, ಆ ಸಭೆ. ಊರು ಬಿಡಬೇಕಾಗಿ ಬಂದಾಗ ಅವರು ಕೂತು ಮಾತಾಡಿದರು: ಯಾರು ಮೊದಲು, ಎಲ್ಲಿಗೆ, ಅಲ್ಲಿ ಏನು ಬೆಳೆಯುವುದು. ನಮ್ಮಲ್ಲಿ ಊರು ಬಿಡುವುದು ನಲವತ್ತು ವರ್ಷಗಳಿಂದ ನಡೆದೇ ಇದೆ, ಅದರ ಬಗ್ಗೆ ಒಂದು ಸಭೆಯೂ ಸೇರಿಲ್ಲ. ಒಂದೊಂದೇ ಮನೆ, ಒಂದೊಂದೇ ಮಗ, ಒಂದೊಂದೇ ಬಸ್ಸು.

ಹೀಗಾಗಲು ತೆಂಗಿನ ಮರವೂ ಕಾರಣ. ರಾಗಿಯ ಹೊಲ ಬಿಟ್ಟು ಹೋಗಲಾಗದು. ಕುಂಟೆ ಹೊಡೆಯಬೇಕು, ಕಳೆ ಕೀಳಬೇಕು, ಕೊಯ್ದು ಒಕ್ಕಬೇಕು. ತೆಂಗು ಹಾಗಲ್ಲ. ಆರೇಳು ವರ್ಷ ನೀರು ಹೊತ್ತು ಸಾಕಿದರೆ ಆಮೇಲೆ ಅರವತ್ತು, ಎಂಬತ್ತು ವರ್ಷ ಫಲ ಕೊಡುತ್ತದೆ. ಅಪ್ಪ ಅಮ್ಮ ಊರಲ್ಲಿದ್ದರೆ ಸಾಕು, ಮಕ್ಕಳು ಓದಬಹುದು, ಬೆಂಗಳೂರು ಸೇರಬಹುದು. ಕಾಲೇಜಿನ ಫೀಸು, ತಂಗಿಯ ಮದುವೆ, ಅಜ್ಜನ ಆಪರೇಷನ್ನು ಎಲ್ಲಕ್ಕೂ ಅಟ್ಟದ ಕಾಯಿಯೇ ಬ್ಯಾಂಕು. ನಮ್ಮ ಕಡೆಯಿಂದ ಮೇಷ್ಟ್ರು, ಇಂಜಿನಿಯರು ಆದವರ ಓದಿನ ಹಿಂದೆ ಈ ಮರಗಳಿವೆ. ಕಲ್ಪತರು ನಾಡು ಎನ್ನುವುದು ಬರೀ ಹೊಗಳಿಕೆಯಲ್ಲ. ಆದರೆ ಊರಿನಿಂದ ಆಚೆ ಹೋಗುವ ಚಾರ್ಜನ್ನೂ ಆ ಕಲ್ಪತರುವೇ ಕೊಟ್ಟಿತು.

ಬೋರ್‌ವೆಲ್ ಬಂದ ಮೇಲೆ ರಾಗಿ ಹೊಲಗಳಿಗೂ ತೆಂಗಿನ ಸಸಿ ಬಂತು. ಈಗ ತೆಂಗಿನ ಸಾಲಿನ ನಡುವೆ ಅಡಿಕೆ. ಹುರುಳಿ, ಅಲಸಂದೆ ಬೆಳೆಯುತ್ತಿದ್ದ ಮನೆಗಳೇ ಅಂಗಡಿಯಿಂದ ತರುತ್ತವೆ. ಕಾರ್ಟರೆಟ್‌ನವರ ಕೆಸವನ್ನು ಕಡಲು ಕಿತ್ತುಕೊಂಡಿತು. ನಮ್ಮ ರಾಗಿಯನ್ನು ನಾವೇ ಲೆಕ್ಕ ಹಾಕಿ ಬಿಟ್ಟೆವು. ಆ ಲೆಕ್ಕ ತಪ್ಪು ಎನ್ನಲಾರೆ, ಹೊಲದಲ್ಲಿ ದುಡಿಯುವವರ ಸಂಖ್ಯೆ ಇಳಿಯುತ್ತಿತ್ತು. ಆದರೆ ಕೊಬ್ಬರಿ ಬೆಲೆ ಬಿದ್ದ ವರ್ಷ ಕಣಜದಲ್ಲಿ ಕಾಳಿದ್ದ ಮನೆಗೂ ಇಲ್ಲದ ಮನೆಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ.

ಈಗ ಅಟ್ಟದ ಸರದಿ. ಹಳೆಯ ಹೆಂಚಿನ ಮನೆಗಳಲ್ಲಿ ಅಡುಗೆಮನೆಯ ಹೊಗೆ ಮೇಲೇರಿ ಕಾಯಿಯನ್ನು ಹದವಾಗಿ ಒಣಗಿಸುತ್ತಿತ್ತು. ಆರ್‌ಸಿಸಿ ಮನೆ ಬಂತು, ಗ್ಯಾಸು ಬಂತು, ಅಟ್ಟ ಹೋಯಿತು. ಅನುಕೂಲವಿದ್ದವರು ಕೊಬ್ಬರಿಗೆಂದೇ ಶೆಡ್ಡು ಕಟ್ಟಿಕೊಂಡರು. ಉಳಿದವರು ಎಳನೀರಿನ ಲಾರಿಗೋ ಹಸಿಕಾಯಿ ವ್ಯಾಪಾರಿಗೋ ಕೊಟ್ಟು ಅಂದೇ ದುಡ್ಡು ಎಣಿಸುತ್ತಾರೆ. ಎಪ್ಪತ್ತು ದಾಟಿದ ಗಂಡ ಹೆಂಡತಿ ಇಬ್ಬರೇ ಇರುವ ಮನೆಯಲ್ಲಿ ಕಾಯಿ ಮೇಲೆ ಹಾಕಿ, ಇಲಿ ಕಾದು, ವರ್ಷದ ನಂತರ ಇಳಿಸುವವರು ಯಾರು? ಮರ ಹತ್ತುವವರು ಸಿಗುವುದು ಕಷ್ಟ, ಸುಲಿಯುವವರು ಕೇಳಿದ ದಿನ ಬರುವುದಿಲ್ಲ. ಉಂಡೆ ಕೊಬ್ಬರಿಗೆ ಬೇಕಾದದ್ದು ಮರ, ನೀರು ಮಾತ್ರವಲ್ಲ, ವರ್ಷವಿಡೀ ಜನ ಇರುವ ಮನೆಯೂ ಬೇಕು.

ಊರಿಗೆ ಭವಿಷ್ಯವಿಲ್ಲ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ತಿಪಟೂರಿನ ಸುತ್ತ ಕಾಯಿತುರಿಯನ್ನು ಒಣಗಿಸಿ ಪುಡಿ ಮಾಡುವ ಕಾರ್ಖಾನೆಗಳಿವೆ, ನಾರಿನ ಘಟಕಗಳಿವೆ, ಕರಟಕ್ಕೂ ಗಿರಾಕಿಗಳಿದ್ದಾರೆ. ಕೋನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಒಂದು ಹೋಬಳಿಯ ಹತ್ತಾರು ಹಳ್ಳಿಗಳು ಸೇರಿ ಒಂದು ದೊಡ್ಡ ಒಣಗು ಮನೆ ಕಟ್ಟಿಕೊಂಡರೆ, ಮರ ಹತ್ತುವ ಹುಡುಗರಿಗೆ ತಿಂಗಳ ಸಂಬಳ ಮತ್ತು ವಿಮೆ ಕೊಟ್ಟರೆ, ಬೆಲೆ ಬಿದ್ದ ವಾರ ಚೀಲವನ್ನು ತಡೆದಿಟ್ಟುಕೊಳ್ಳುವ ಶಕ್ತಿ ಬರುತ್ತದೆ. ಒಬ್ಬೊಬ್ಬರೇ ಮಾಡಲಾಗದ ಕೆಲಸ ಇದು. ಸೇರಿದರೆ ಆಗದ್ದೂ ಅಲ್ಲ.

ಅದಕ್ಕೆ ಮೊದಲು ಆ ಸಭೆ ಸೇರಬೇಕು. ಯುಗಾದಿಗೆ, ಊರಹಬ್ಬಕ್ಕೆ ಬೆಂಗಳೂರಿನಿಂದ ಎಲ್ಲರೂ ಬಂದೇ ಬರುತ್ತಾರೆ. ಹಬ್ಬದ ಮರುದಿನ ಬ್ಯಾಗು ಕಟ್ಟುವ ಮುಂಚೆ ಅರ್ಧ ದಿನ ಅರಳಿಕಟ್ಟೆಯಲ್ಲಿ ಕೂತರೆ ಸಾಕು. ಚರ್ಚೆಗೆ ವಿಷಯವೂ ಒಂದೇ: ಮುಂದಿನ ಹತ್ತು ವರ್ಷ ಈ ಊರಿನ ಕಾಯಿಯನ್ನು ಅಟ್ಟಕ್ಕೆ ಹಾಕುವವರು ಯಾರು, ಇಳಿಸುವವರು ಯಾರು?