ಬೂಟಾಟಿಯಲ್ಲಿ ಒಂದು ಸಂಜೆ

ಪುಷ್ಕರಸ್ನಾನವನ್ನು ತೀರಿಸಿಕೊಂಡು, ಅಜಮೇರಿನಿಂದ ನಾಗೌರಿನ ಕಡೆಗೆ ಹೋಗುವ ಬಸ್ಸಿನಲ್ಲಿ ನಾವು ಬೂಟಾಟಿಗೆ ಬಂದಿಳಿದಾಗ ಹೊತ್ತು ಇಳಿದಿದ್ದಿತು. ಸುತ್ತಲೂ ಮರಳುನೆಲ, ಅಲ್ಲಲ್ಲಿ ಖೇಜಡಿ, ಎಂದರೆ ನಮ್ಮ ಶಮೀವೃಕ್ಷ. ಮೀರಾಬಾಯಿಯ ತವರಾದ ಮೇಡತಾ ಇದೇ ಜಿಲ್ಲೆಯಲ್ಲಿರುವುದು.

ಈ ಹಳ್ಳಿಗೆ ಜನರು ಬರುವುದು ಬೇರೆ ಕಾರಣದಿಂದ. ಇಲ್ಲಿ ಚತುರದಾಸರೆಂಬ ಸಂತರ ಗುಡಿಯುಂಟು. ಪಾರ್ಶ್ವವಾಯು ಬಡಿದವರು ಏಳು ದಿನ ಇಲ್ಲಿ ತಂಗಿ, ಬೆಳಗುಬೈಗು ಆರತಿಯಾದ ತರುವಾಯ ಪ್ರದಕ್ಷಿಣೆ ಮಾಡಿದರೆ ಗುಣಹೊಂದುವರೆಂದು ನಂಬಿಕೆ. ವಸತಿಗೆ ಹಣ ಕೇಳುವುದಿಲ್ಲ.

ಆರತಿಯ ಗಂಟೆ ನಿಂತಿತು. ಸೊಸೆಯ ಹೆಗಲು ಹಿಡಿದ ಅತ್ತೆ, ಮಗನ ಬೆನ್ನೇರಿದ ತಂದೆ, ಗಾಲಿಕುರ್ಚಿಯ ತರುಣ, ಎಲ್ಲರೂ ಸುತ್ತತೊಡಗಿದರು. ಒಬ್ಬ ವೃದ್ಧರು ಎಡಗಾಲನ್ನೆಳೆಯುತ್ತ ಬಂದು, ಸುತ್ತು ಮುಗಿದಾಗಲೆಲ್ಲ ನಮ್ಮನ್ನು ನೋಡಿ ನಗುವರು. ಆ ನಗೆ ಮುಖದ ಅರ್ಧಕ್ಕೆ ಮಾತ್ರವೇ ಬರುವುದು. ನಾವು ಇದನ್ನು ಹಾಸ್ಯಮಾಡಲಾರೆವು. ಮೊದಲ ಕೆಲವು ತಿಂಗಳಲ್ಲಿ ಮಿದುಳು ತಾನಾಗಿಯೇ ಎಷ್ಟೋ ಚೇತರಿಸಿಕೊಳ್ಳುವುದು. ಆಸರೆ ಹಿಡಿದು ನಡೆಯುವುದೂ ಒಂದು ವ್ಯಾಯಾಮವೇ. ಆಸ್ಪತ್ರೆಯ ಚಿಕಿತ್ಸೆಯಾದ ಮೇಲೆ, ಔಷಧ ಬಿಡದೆ ಬಂದವರಿಗೆ ಇಲ್ಲಿ ನಷ್ಟವೇನಿದೆ?

ಆದರೆ ಜಗಲಿಯ ಮೇಲೆ ಒಬ್ಬ ಗೃಹಸ್ಥರನ್ನು ಮಲಗಿಸಿದ್ದರು. ನಮ್ಮ ಹರಕುಹಿಂದಿಯಲ್ಲಿ ಮಗನನ್ನು ವಿಚಾರಿಸಿದೆವು.

"ಯಾವಾಗ ಬಡಿಯಿತಪ್ಪ?"

"ಇವತ್ತು ಮಧ್ಯಾಹ್ನ, ಊಟಕ್ಕೆ ಕುಳಿತಾಗ. ನೇರವಾಗಿ ಇಲ್ಲಿಗೇ ತಂದೆವು, ಮಾಸ್ಟರ್‌ಜಿ. ಸೂಜಿ ಹಾಕಿಸಿದರೆ ಬಾಬಾರ ಕೃಪೆ ಹತ್ತುವುದಿಲ್ಲವಂತೆ."

ಅವನನ್ನು ಹಳಿಯುವ ಅಧಿಕಾರ ನಮಗಿಲ್ಲ. ೨೦೧೧ರಲ್ಲಿ ನಮ್ಮ ಅಣ್ಣಯ್ಯನವರ ಬಾಯಿ ಬೆಳಗ್ಗೆ ಸೊಟ್ಟಗಾದಾಗ, 'ಪಕ್ಷಾಘಾತ' ಶಬ್ದದ ವ್ಯುತ್ಪತ್ತಿಯನ್ನು ಮಕ್ಕಳಿಗೆ ಹೇಳಿಕೊಟ್ಟಿದ್ದ ನಾವೇ ಮಹಾನಾರಾಯಣತೈಲವನ್ನು ಬಿಸಿಮಾಡಿ ಮಧ್ಯಾಹ್ನದವರೆಗೂ ತಿಕ್ಕುತ್ತ ಕುಳಿತೆವು. ಈ ವ್ಯಾಧಿಯಲ್ಲಿ ಅಸಾಧ್ಯವಾದ ಬಗೆಯೂ ಒಂದುಂಟೆಂದು ಸುಶ್ರುತರು ಹೇಳಿರುವುದನ್ನು ಓದಿದ್ದವರು ನಾವು! ಪೇಟೆಯ ಆಸ್ಪತ್ರೆಯನ್ನು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅಣ್ಣಯ್ಯನವರು ಆಮೇಲೆ ಆರು ವರ್ಷ ಬದುಕಿದ್ದರು. ನಮ್ಮನ್ನು ಹೆಸರು ಹಿಡಿದು ಕರೆಯಲಿಲ್ಲ.

ಮಿದುಳಿನ ರಕ್ತನಾಳ ಹೆಪ್ಪಿನಿಂದ ಕಟ್ಟಿರಬಹುದು, ಇಲ್ಲವೆ ಒಡೆದಿರಬಹುದು. ಒಂದರ ಮದ್ದು ಇನ್ನೊಂದಕ್ಕೆ ವಿಷ; ಭೇದವನ್ನು ತಿಳಿಸುವುದು ಸಿ.ಟಿ. ಸ್ಕ್ಯಾನ್ ಯಂತ್ರ. ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆಯ್ದ ಕೆಲವರಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಸಣ್ಣ ನಳಿಗೆಯಿಂದ ಹೆಪ್ಪನ್ನು ಸೆಳೆದು ತೆಗೆಯುವುದು ೨೪ ಗಂಟೆಗಳವರೆಗೂ ಸಾಧ್ಯ. ಬಾಯಿ ಸೊಟ್ಟಗಾಗುವುದು, ಎತ್ತಿದ ಒಂದು ಕೈ ಇಳಿದುಬೀಳುವುದು, ಮಾತು ತೊದಲುವುದು: ಇವುಗಳಲ್ಲಿ ಒಂದನ್ನು ಕಂಡರೂ ಗಡಿಯಾರ ನೋಡಿಕೊಂಡು ೧೦೮ಕ್ಕೆ ಕರೆಮಾಡಬೇಕು. ನೀರು, ಗಂಜಿ, ಮಾತ್ರೆ ಯಾವುದನ್ನೂ ಬಾಯಿಗೆ ಹಾಕಲಾಗದು. ನುಂಗುವ ಶಕ್ತಿ ತಪ್ಪಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುವುದು.

ಇಷ್ಟನ್ನೂ ಹಿಂದಿಯಲ್ಲಿ ಹೇಳಲು ನಮಗೆ ಬಾರದು. "ಬಾಬಾ ಇಲ್ಲಿಯೇ ಇರುವರು, ಮಗು. ಮೊದಲು ಅಜಮೇರಿನ ಆಸ್ಪತ್ರೆ, ಆಮೇಲೆ ಏಳು ದಿನ" ಎಂದೆವು. ಹುಡುಗನು ತಾಯಿಯ ಮುಖ ನೋಡಿದನು. ಆಕೆ ಗುಡಿಯ ವಿಭೂತಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಏನೂ ಮಾತಾಡದೆ, ಗಂಡನ ಕಾಲ ಬಳಿ ಹೋಗಿ ಎತ್ತಲು ಬಗ್ಗಿದರು. ಜೀಪು ಹೊರಟಾಗ ಆರೂ ಮುಕ್ಕಾಲು ಗಂಟೆ.