ಬೆಳಗ್ಗೆ ಡೇರಿ, ಮಧ್ಯಾಹ್ನ ವರದಿ

ಬೆಳಗ್ಗೆ ಆರಕ್ಕೆ ನಮ್ಮೂರ ಡೇರಿಯ ಬಾಗಿಲು ತೆಗೆಯುವವನು ನಾನೇ. ಮೆಷಿನ್ ಆನ್ ಮಾಡಿ, ಒಬ್ಬೊಬ್ಬರ ಹಾಲಿನ ಫ್ಯಾಟ್, ಎಸ್‌ಎನ್‌ಎಫ್ ನೋಡಿ ಬರೆದುಕೊಳ್ಳುವುದು ನನ್ನ ಕೆಲಸ. ಹಾಲಿನ ಗಾಡಿ ಹೋದ ಮೇಲೆ ಸ್ನಾನ ಮಾಡಿ, ಬೈಕ್ ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗುತ್ತೇನೆ. ಅಲ್ಲಿ ನಾನು ಒಂದು ಪತ್ರಿಕೆಯ ವರದಿಗಾರ. ಸಂಜೆ ಐದಕ್ಕೆ ಮತ್ತೆ ಡೇರಿ.

ಪತ್ರಿಕೋದ್ಯಮ ಓದಿ ಮುಗಿಸಿದಾಗ ಡೇರಿ ಬಿಡಬೇಕು ಅಂತಲೇ ಇದ್ದೆ. ಲೆಕ್ಕ ಹಾಕಿದ ಮೇಲೆ ಧೈರ್ಯ ಬರಲಿಲ್ಲ. ಡೇರಿಯಿಂದ ತಿಂಗಳಿಗೆ 8,000 ರೂಪಾಯಿ ಬರುತ್ತದೆ. ಪತ್ರಿಕೆಯವರು ಅಚ್ಚಾದ ಸುದ್ದಿಗೆ ಇಷ್ಟು ಅಂತ ಕೊಡುತ್ತಾರೆ. ಮೊದಲ ತಿಂಗಳು ಬಂದದ್ದು 2,100. ಪೆಟ್ರೋಲಿಗೇ 1,600 ಹೋಗಿತ್ತು. ಅವ್ವನ ಬಿಪಿ ಮಾತ್ರೆ, ಸಾಲದ ಕಂತು ಸುದ್ದಿ ಅಚ್ಚಾಗುವವರೆಗೆ ಕಾಯುತ್ತವೆಯೇ? ಎರಡನ್ನೂ ಇಟ್ಟುಕೊಂಡೆ. "ಎರಡು ದೋಣಿ ಮೇಲೆ ಕಾಲಿಟ್ಟೋನು ನೀರಿಗೇ ಬೀಳೋದು ಕಣಪ್ಪ" ಅಂದರು ಅಪ್ಪ.

ಹೋದ ಬೇಸಿಗೆಯಲ್ಲಿ ಬೀಳುವ ದಿನ ಬಂತು.

ಹಸಿಮೇವು ಕಡಿಮೆಯಾದರೆ ಹಾಲಿನ ಎಸ್‌ಎನ್‌ಎಫ್ ಇಳಿಯುತ್ತದೆ. 8.5ಕ್ಕಿಂತ ಕೆಳಗೆ ಹೋದರೆ ನಮ್ಮಲ್ಲಿ ರೇಟು ಕಡಿತ. ಅದೇ ಹೊತ್ತಿಗೆ ಪ್ರಿಂಟರಿನ ಪೇಪರ್ ರೋಲ್ ಮುಗಿದು ಎರಡು ವಾರ ಚೀಟಿ ಕೊಡಲಿಲ್ಲ. ದುಡ್ಡು ಕಡಿಮೆಯಾಗಿದೆ, ಯಾಕೆ ಅನ್ನೋದಕ್ಕೆ ಕೈಯಲ್ಲಿ ಕಾಗದವಿಲ್ಲ. ಒಂದು ಸಂಜೆ ನಮ್ಮ ಬೀದಿಯ ಅಜ್ಜಿ ಖಾಲಿ ಕ್ಯಾನನ್ನು ಕಟ್ಟೆ ಮೇಲೆ ಕುಕ್ಕಿ ಕೇಳಿದರು: "ಊರೋರ ಸುದ್ದಿ ಎಲ್ಲಾ ಬರೀತೀಯಲ್ಲ ಮಗ, ನಮ್ಮ ಚೀಟಿ ಸುದ್ದಿ ಯಾಕೆ ಬರೆಯಲ್ಲ?"

ರಾತ್ರಿ ನಿದ್ದೆ ಬರಲಿಲ್ಲ. ಬರೆದರೆ ಡೇರಿ ಕೆಲಸ ಹೋಗಬಹುದು. ಬರೆಯದಿದ್ದರೆ ನಾನೆಂಥ ವರದಿಗಾರ? ಇನ್ನೊಂದು ಮಾತೂ ಇತ್ತು. ರೋಲ್ ತರಿಸಿ ಅಂತ ಕಾರ್ಯದರ್ಶಿಗೆ ಒಂದು ಸಲ ಹೇಳಿ ಸುಮ್ಮನಾದವನು ನಾನೇ. ತಪ್ಪಿನಲ್ಲಿ ನನ್ನ ಪಾಲೂ ಇತ್ತು.

ಬೆಳಗ್ಗೆ ಪತ್ರಿಕೆಗೆ ಫೋನ್ ಮಾಡಿ, "ಇದು ಸುದ್ದಿ, ಆದರೆ ನಾನು ಬರೆಯಬಾರದು. ನಾನು ಅಲ್ಲೇ ಸಂಬಳ ತಗೊಳ್ತೀನಿ" ಅಂದೆ. ಅವರು ಪಕ್ಕದ ತಾಲ್ಲೂಕಿನ ವರದಿಗಾರರನ್ನು ಕಳಿಸಿದರು. ಸುದ್ದಿ ನನ್ನಿಂದಲೇ ಹೋಗಿದ್ದು ಅಂತ ಕಾರ್ಯದರ್ಶಿಗೂ ಮೊದಲೇ ಹೇಳಿದೆ. ಆ ವರದಿಗಾರರು ನನ್ನನ್ನೇ ನಿಲ್ಲಿಸಿಕೊಂಡು, "ಚೀಟಿ ಇಲ್ಲದೆ ಹದಿನಾಲ್ಕು ದಿನ ನೀವೇನು ಮಾಡಿದ್ರಿ?" ಅಂತ ಕೇಳಿದಾಗ ಬಾಯಿ ಒಣಗಿತು. ಪ್ರಶ್ನೆ ಕೇಳುವುದಕ್ಕಿಂತ ಉತ್ತರ ಕೊಡುವುದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು.

ಎರಡೇ ದಿನಕ್ಕೆ ರೋಲ್ ಬಂತು. ಕಾರ್ಯದರ್ಶಿ ಒಂದು ವಾರ ಮಾತು ಬಿಟ್ಟರು. ಆದರೆ ಕೆಲಸದಿಂದ ತೆಗೆಯಲಿಲ್ಲ. ಅಜ್ಜಿ ಈಗ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋಗುತ್ತಾರೆ.

ನಿಮ್ಮಲ್ಲೂ ಹಳೆ ಕೆಲಸ ಬಿಡದೆ ಹೊಸದು ಶುರು ಮಾಡುವವರು ಇರಬಹುದು. ಖರ್ಚು ಕಳೆದು ಕೈಗೆ ಉಳಿಯುವುದೆಷ್ಟು ಅಂತ ಮೊದಲೇ ಬರೆದಿಡಿ. ಎರಡೂ ಕಡೆಯವರಿಗೆ ಎರಡೂ ಕೆಲಸದ ವಿಷಯ ಹೇಳಿಬಿಡಿ. ಒಂದು ಕೆಲಸದ ತಪ್ಪನ್ನು ಇನ್ನೊಂದರಿಂದ ಮುಚ್ಚಲು ಹೋಗಬೇಡಿ.

ಪತ್ರಿಕೆಯ ದುಡ್ಡು ಈಗ ತಿಂಗಳಿಗೆ 4,000 ದಾಟಿದೆ. ಅದು ಡೇರಿ ಸಂಬಳಕ್ಕೆ ಸಮ ಬಂದ ದಿನ ಬೀಗದ ಕೈ ಕೊಟ್ಟುಬಿಡುತ್ತೇನೆ. ಅಲ್ಲಿಯವರೆಗೆ ಆರಕ್ಕೆ ಬಾಗಿಲು ತೆಗೆಯಲೇಬೇಕು.