ಬಾನುಲಿಯಲ್ಲಿ ಒಂದು ಗಂಟೆ

ಕಳೆದ ಕಾರ್ತಿಕ ಮಾಸದಲ್ಲಿ ಶ್ರೀಮಠಕ್ಕೆ ಮೈಸೂರಿನಿಂದ ಒಂದು ಪತ್ರ ಬಂದಿತು. ನಾವು ವಿದ್ಯಾರ್ಥಿದೆಸೆಯಲ್ಲಿ ವ್ಯಾಸಂಗ ಮಾಡಿದ ಕಾಲೇಜು ಈಗ ತನ್ನದೇ ಆದ ಸಮುದಾಯ ಬಾನುಲಿ ಕೇಂದ್ರವನ್ನು ನಡೆಸುತ್ತಿದೆ. ಹಳೆಯ ವಿದ್ಯಾರ್ಥಿಗಳು ತಿಂಗಳಿಗೊಬ್ಬರಂತೆ ಹೋಗಿ, ಒಂದು ಗಂಟೆಯ ಕಾಲ ತಮಗೆ ಪ್ರಿಯವಾದ ಹಾಡುಗಳನ್ನು ಕೇಳಿಸಿ, ನಡುನಡುವೆ ನಾಲ್ಕು ಮಾತನಾಡುವುದು ಅಲ್ಲಿಯ ಪದ್ಧತಿಯಂತೆ. ಈ ಸಲ ತಾವು ‘ಅತಿಥಿ ಡಿ.ಜೆ.’ಯಾಗಿ ದಯಮಾಡಿಸಬೇಕೆಂಬುದು ಪತ್ರದ ಒಕ್ಕಣೆ. ಅದನ್ನು ಓದಿ ಹೇಳುತ್ತಿದ್ದ ನಮ್ಮ ಪಾರುಪತ್ಯಗಾರರು ಆ ಎರಡಕ್ಷರದ ಬಳಿ ತಡೆದು ನಿಂತರು. ಕಡೂರು, ತರೀಕೆರೆ, ಅಜ್ಜಂಪುರದ ಸೀಮೆಯಲ್ಲಿ ಡಿ.ಜೆ. ಎಂದರೆ ಗಣಪತಿಯ ವಿಸರ್ಜನೆಯ ದಿನ ಟ್ರ್ಯಾಕ್ಟರಿನ ಮೇಲೆ ಬಂದು ಮನೆಯ ಹೆಂಚುಗಳನ್ನೆಲ್ಲ ನಡುಗಿಸುವ ಧ್ವನಿಪೆಟ್ಟಿಗೆಗಳ ರಾಶಿ. ಅದನ್ನು ಬಿಡಿರೆಂದು ನಾವೇ ಊರೂರಿನಲ್ಲಿ ಹೇಳಿ ಬಂದಿದ್ದೇವೆ. “ಬುದ್ಧಿ, ಇದಕ್ಕೆ ತಾವು ಹೋಗೋದು ಅಷ್ಟು ಸರಿ ಕಾಣಲ್ಲ” ಎಂದರು ಅವರು.

ಆದರೂ ಒಪ್ಪಿಕೊಂಡೆವು. ಅದಕ್ಕೊಂದು ಹಳೆಯ ಕಾರಣವಿತ್ತು.

ನಮ್ಮ ಪೂರ್ವಾಶ್ರಮದ ಮನೆ ಅಜ್ಜಂಪುರದ ಸಮೀಪದ ಒಂದು ಹಳ್ಳಿಯಲ್ಲಿತ್ತು. ಅಲ್ಲಿ ರೇಡಿಯೋ ಎಂದರೆ ಭದ್ರಾವತಿ ಎಂದೇ ಅರ್ಥ. 1965ರಲ್ಲಿ ಆರಂಭವಾದ ಆ ಕೇಂದ್ರವು 675 ಕಿಲೋಹರ್ಟ್ಸ್ ಮಧ್ಯಮ ತರಂಗಾಂತರದಲ್ಲಿ ಮಲೆನಾಡನ್ನೂ ಬಯಲುಸೀಮೆಯನ್ನೂ ಒಂದೇ ದನಿಯಿಂದ ಕೂಡಿಸುತ್ತಿತ್ತು. ಅತ್ತ ತರೀಕೆರೆಯ ತೋಟದ ಮನೆಗಳಲ್ಲಿ ಅಡಿಕೆ ಸುಲಿಯುವ ಹೆಣ್ಣುಮಕ್ಕಳು ಕೇಳುತ್ತಿದ್ದ ಹಾಡನ್ನೇ ಇತ್ತ ನಮ್ಮ ಊರಿನಲ್ಲಿ ಈರುಳ್ಳಿ ಕೊಯ್ಯುವವರೂ ಕೇಳುತ್ತಿದ್ದರು. ಮುಂದೆ ಪಾಠಶಾಲೆಯನ್ನು ಸೇರಿದ ಮೇಲೆ ಬೆಳಗಿನ ಸಂಸ್ಕೃತ ವಾರ್ತೆಯೊಂದಕ್ಕೆ ಮಾತ್ರ ನಮಗೆ ಅನುಮತಿ. 1974ರಿಂದ ದೆಹಲಿಯಿಂದ ಬರುತ್ತಿದ್ದ ಆ ವಾರ್ತೆಯನ್ನು ಶಾಸ್ತ್ರಿಗಳು ಕೇಳಿಸಿ, ಅನಂತರ ವಿಭಕ್ತಿಗಳನ್ನು ಕೇಳುತ್ತಿದ್ದರು. ದೇಶದಲ್ಲಿ ಏನಾಯಿತೆಂಬುದು ನಮಗೆ ತಿಳಿಯುತ್ತಿದ್ದುದು ವ್ಯಾಕರಣದ ಮೂಲಕವೇ.

ಪದವಿಗೆಂದು ಹೋದ ಮೈಸೂರಾದರೋ ಬಾನುಲಿಯ ತವರು. ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆ ‘ವಿಠಲವಿಹಾರ’ದಲ್ಲಿಯೇ 30 ವ್ಯಾಟಿನ ಒಂದು ಯಂತ್ರವನ್ನಿಟ್ಟು ಪ್ರಸಾರವನ್ನು ಪ್ರಾರಂಭಿಸಿದರು. ನಾ. ಕಸ್ತೂರಿಯವರು ಅವರಿಗೆ ನೆರವಾದರು. ಆ ಕೇಂದ್ರಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ಇಡೀ ಭಾರತದ ಬಾನುಲಿಗೆ ಹೆಸರಾಯಿತು. ಒಬ್ಬ ಅಧ್ಯಾಪಕರು ತಮ್ಮ ಮನೆಯಿಂದ ಊರಿಗೆ ಮಾತನಾಡಿದರೆಂಬುದು ನಮಗೆ ಇಂದಿಗೂ ವಿಸ್ಮಯ. 1942ರಲ್ಲಿ ಮೈಸೂರು ಸಂಸ್ಥಾನವು ಅದನ್ನು ವಹಿಸಿಕೊಂಡಿತು. ಅಲ್ಲಿಂದ ಮುಂದೆ ವಿದ್ಯಾಸಂಸ್ಥೆಯೊಂದು ತಾನೇ ಪ್ರಸಾರ ಮಾಡಲು ಭಾರತ ಸರ್ಕಾರ ಸಮ್ಮತಿಸಿದ್ದು 2002ರಲ್ಲಿ. ಮದರಾಸಿನ ಅಣ್ಣಾ ವಿಶ್ವವಿದ್ಯಾನಿಲಯ 2004ರಲ್ಲಿ ಮೊದಲಿಗನಾಯಿತು. ನಮ್ಮಲ್ಲಿ ಕಲಬುರಗಿಯ ಶರಣಬಸವೇಶ್ವರ ವಿದ್ಯಾಸಂಸ್ಥೆಯ ‘ಅಂತರ್ವಾಣಿ’ಯಂಥವು ಹುಟ್ಟಿದುದು ಆ ಬಳಿಕ.

ನಾವು ಓದುತ್ತಿದ್ದಾಗ ಕಾಲೇಜಿಗೆ ಬಾನುಲಿ ಎಲ್ಲಿಯದು? ಇದ್ದುದು ಆಕಾಶವಾಣಿಯ ‘ಯುವವಾಣಿ’. 1990ರಲ್ಲಿ ಕಡೂರು ಸೀಮೆಯ ಕೆರೆಗಳನ್ನು ಕುರಿತು ಹತ್ತು ನಿಮಿಷದ ಭಾಷಣಕ್ಕೆ ನಮಗೊಂದು ಅವಕಾಶ ದೊರೆಯಿತು. ಅಯ್ಯನಕೆರೆಯನ್ನೂ ಮದಗದ ಕೆರೆಯನ್ನೂ ಹತ್ತು ನಿಮಿಷಕ್ಕೆ ಇಳಿಸಲು ಹದಿನೈದು ದಿನ ಹಿಡಿಯಿತು. ಪ್ರಸಾರದ ದಿನ, ವೇಳೆ ತಿಳಿಸಿ ತೀರ್ಥರೂಪರಿಗೆ ಕಾರ್ಡು ಬರೆದೆವು. ವಾರದಲ್ಲಿ ಉತ್ತರ ಬಂದಿತು. ಕ್ಷೇಮಸಮಾಚಾರ, ಮಳೆ, ಎತ್ತಿನ ಕಾಲುನೋವು, ಕೊನೆಯಲ್ಲಿ ಎರಡೇ ಮಾತು: “ಕೇಳಿದೆ. ಚೆನ್ನಾಗಿತ್ತು.” ಮಿತಭಾಷಿಗಳಾಗಿದ್ದ ಅವರಿಂದ ನಮಗೆ ದೊರೆತ ಪ್ರಶಂಸೆ ಅದೊಂದೇ. ಆ ಕಾರ್ಡನ್ನು ಬಹುಕಾಲ ಪುಸ್ತಕದಲ್ಲಿ ಇಟ್ಟುಕೊಂಡಿದ್ದೆವು. 1996ರಲ್ಲಿ ಅವರು ಲಿಂಗೈಕ್ಯರಾದರು.

ಎರಡು ವರ್ಷದ ಮೇಲೆ ನಮ್ಮ ಪಟ್ಟಾಧಿಕಾರ ಮಹೋತ್ಸವಕ್ಕೆ ಆ ಹಳ್ಳಿಯಿಂದ ಬಂದ ಹಿರಿಯರೊಬ್ಬರು ಮಾತಿನ ನಡುವೆ ಆ ದಿನದ ಸಂಗತಿ ತೆಗೆದರು. “ಬುದ್ಧಿ, ಅವತ್ತು ಮೈಸೂರು ಸ್ಟೇಷನ್ನು ಸಿಕ್ಕಲೇ ಇಲ್ಲ. ಮುಳ್ಳು ತಿರುಗಿಸಿ ತಿರುಗಿಸಿ ಸಾಕಾಯ್ತು. ರೇಡಿಯೋ ಹೊತ್ಕೊಂಡು ದಿಬ್ಬದ ಮೇಲೂ ಹೋದ್ವಿ. ಬರೀ ಗೊರ ಗೊರ. ನಾನು ಆರಿಸೋಣ ಅಂದೆ. ಅಯ್ಯನೋರು ಬೇಡ ಅಂದು, ಹತ್ತು ನಿಮಿಷ ಕಿವಿ ಇಟ್ಕೊಂಡು ಹಾಗೇ ಕೂತಿದ್ರು.”

ಮೈಸೂರಿನ ಅಂದಿನ ಪ್ರಸಾರಕ್ಕೆ ನಮ್ಮೂರನ್ನು ಮುಟ್ಟುವ ಶಕ್ತಿ ಇರಲಿಲ್ಲವೆಂಬುದು ಓದಿದ ನಮಗೆ ಹೊಳೆಯದೆ ಹೋಗಿತ್ತು. ಸುಳ್ಳಾಡಬಾರದೆಂದು ಪೀಠದಲ್ಲಿ ಕುಳಿತು ಅದೆಷ್ಟು ಸಲ ಉಪದೇಶಿಸಿದ್ದೇವೋ! ಆ ಕಾರ್ಡಿನ ಎರಡು ಮಾತುಗಳನ್ನು ಯಾವ ಲೆಕ್ಕಕ್ಕೆ ಸೇರಿಸಬೇಕೆಂದು ಇನ್ನೂ ನಿರ್ಣಯಿಸಲಾಗಿಲ್ಲ.

ಈ ಸಲ ಕಾಲೇಜಿನ ಕೇಂದ್ರವನ್ನು ಹೊಕ್ಕಾಗ ಮೊದಲು ಎದುರಾದ ತೊಡಕು ನಮ್ಮ ಶಿರೋವಸ್ತ್ರದ್ದು. ಅದರ ಮೇಲೆ ಹೆಡ್‌ಫೋನು ಕೂರಲೊಲ್ಲದು. ಯಂತ್ರದ ಮುಂದೆ ಕುಳಿತಿದ್ದ ಎರಡನೆಯ ವರ್ಷದ ವಿದ್ಯಾರ್ಥಿನಿಯೊಬ್ಬಳು ನಮಸ್ಕರಿಸಿ, “ಸ್ವಾಮೀಜಿ, ಒಂದೊಂದು ಮಾತೂ ಎರಡು ನಿಮಿಷ ಮೀರಬಾರದು. ನಾನು ಕೈ ಎತ್ತಿದರೆ ನಿಲ್ಲಿಸಬೇಕು” ಎಂದಳು. ಆಶೀರ್ವಚನಕ್ಕೆ ಗಡಿಯಾರ ತೋರಿಸುವ ಧೈರ್ಯ ನಮ್ಮ ಸೀಮೆಯಲ್ಲಿ ಇದುವರೆಗೆ ಯಾರೂ ಮಾಡಿಲ್ಲ. ಬಹುಶಃ ಮಾಡಬೇಕಾಗಿತ್ತು. ಸಿದ್ಧರಾಮ ಜಂಬಲದಿನ್ನಿ, ಮಲ್ಲಿಕಾರ್ಜುನ ಮನ್ಸೂರರ ವಚನಗಾಯನದೊಡನೆ ಪಿ. ಬಿ. ಶ್ರೀನಿವಾಸರ ಒಂದು ಚಿತ್ರಗೀತೆಯೂ ನಮ್ಮ ಪಟ್ಟಿಯಲ್ಲಿತ್ತು. ವಿದ್ಯಾರ್ಥಿನಿಲಯದ ಹಿಂದಿನ ಹೋಟೆಲಿನಿಂದ ತೇಲಿಬರುತ್ತಿದ್ದ ಆ ದನಿಯನ್ನು ಅಂದು ಕದ್ದು ಕೇಳಿದ್ದೆವು. ಇಂದು ನಾವೇ ಕೇಳಿಸಿದೆವು.

ಮುಂದೆ ಸಭೆಯಿಲ್ಲ, ತಲೆದೂಗುವವರಿಲ್ಲ, ಪಾದಕ್ಕೆರಗುವವರಿಲ್ಲ. ಒಂದು ಗಾಜಿನ ಗೋಡೆ, ಒಂದು ಮೈಕು. ಕೇಳುವವರು ಯಾವ ಗಳಿಗೆಯಲ್ಲಿ ಬೇಕಾದರೂ ಆರಿಸಿ ಎದ್ದುಹೋಗಬಹುದು. ಇಪ್ಪತ್ತೇಳು ವರ್ಷಗಳ ಪೀಠದ ಅಭ್ಯಾಸ ಆ ಕೋಣೆಯಲ್ಲಿ ಯಾವ ಉಪಯೋಗಕ್ಕೂ ಬರಲಿಲ್ಲ. ಕೊನೆಯ ಹಾಡಿಗೆ ಮುಂಚೆ ತೀರ್ಥರೂಪರ ಕಾರ್ಡಿನ ವಿಷಯ ಹೇಳಿದೆವು. ಅದಕ್ಕೆ ಎರಡು ನಿಮಿಷ ಸಾಲಲಿಲ್ಲ. ಆ ಹುಡುಗಿ ಕೈ ಎತ್ತಿದಳು, ನಾವು ನೋಡಲಿಲ್ಲ. ಮತ್ತೆ ಎತ್ತಲಿಲ್ಲ.

ಹೊರಡುವಾಗ ಪ್ರಸಾರದ ವ್ಯಾಪ್ತಿ ಎಷ್ಟೆಂದು ವಿಚಾರಿಸಿದೆವು. ಇಂಥ ಕೇಂದ್ರಗಳ ಯಂತ್ರ 50 ವ್ಯಾಟಿನ ಆಸುಪಾಸಿನದು, ಕಂಬ 30 ಮೀಟರನ್ನು ಮೀರುವಂತಿಲ್ಲ. ಹತ್ತು ಹನ್ನೆರಡು ಕಿಲೋಮೀಟರು ದಾಟಿದರೆ ಹೆಚ್ಚು ಎಂದರು. ಗೋಪಾಲಸ್ವಾಮಿಯವರ 30 ವ್ಯಾಟಿಗಿಂತ ನಾವು ಬಹು ದೂರವೇನೂ ಬಂದಿಲ್ಲ. ಊರು ಅಂದಿನಷ್ಟೇ ದೂರ. ಅಂದಿನ ಪ್ರಸಾರವನ್ನು ಫೋನಿಗೆ ಕಳುಹಿಸಿಕೊಡುವುದಾಗಿ ವಿದ್ಯಾರ್ಥಿಗಳು ಹೇಳಿದರು, ಬೇಡವೆಂದೆವು.

ಮುಂದಿನ ಸೋಮವಾರ ಅಜ್ಜಂಪುರದಲ್ಲಿ ಒಂದು ಗೃಹಪ್ರವೇಶವಿತ್ತು. ಪ್ರಸಾದದ ವೇಳೆಗೆ ಪಕ್ಕದ ಹಳ್ಳಿಯ ವೃದ್ಧ ಭಕ್ತರೊಬ್ಬರು ಬಂದು ನಮಸ್ಕರಿಸಿ, “ಬುದ್ಧಿ, ಮೈಸೂರು ರೇಡಿಯೋದಲ್ಲಿ ಮಾತಾಡಿದ್ರಲ್ಲ, ಕೇಳಿದೆ. ಬಾಳ ಚೆನ್ನಾಗಿತ್ತು” ಎಂದರು.

ಎಲ್ಲಿ ಕೇಳಿದಿರಿ ಎಂದು ನಾವು ವಿಚಾರಿಸಲಿಲ್ಲ.